ಪಾವಿತ್ರ್ಯ ಮತ್ತು ಪುಣ್ಯದಿನಗಳ ಇಂಗ್ಲಿಷ್ ಪದಗಳು: ಅರ್ಥ ತಿಳಿದು ಬಳಸುವ ಕ್ರಮ

ಮಳೆಗಾಲ ಮುಗಿದು ಕರಾವಳಿಯ ಉತ್ಸವಗಳ ಋತು ಆರಂಭವಾಯಿತೆಂದರೆ ಉಡುಪಿಯ ಮುದ್ರಣಾಲಯಗಳಲ್ಲಿ ಬಿಡುವೆಂಬುದು ಇರುವುದಿಲ್ಲ. ಬ್ರಹ್ಮಕಲಶೋತ್ಸವ, ನಾಗಮಂಡಲ, ನೇಮೋತ್ಸವ, ಚರ್ಚಿನ ವಾರ್ಷಿಕ ಹಬ್ಬ, ದರ್ಗಾದ ಉರೂಸ್ ಎಂದು ಒಂದರ ಹಿಂದೊಂದು ಆಮಂತ್ರಣ ಪತ್ರಿಕೆಗಳು ಬರುತ್ತವೆ. ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಬೆಳೆದ, ಕನ್ನಡ ಓದಲು ಬಾರದ ಊರಿನ ಮಕ್ಕಳಿಗಾಗಿ ಅವುಗಳ ಇಂಗ್ಲಿಷ್ ರೂಪವನ್ನೂ ಸಿದ್ಧಪಡಿಸಬೇಕಾಗುತ್ತದೆ. ಇಂತಹ ಕರಡುಗಳನ್ನು ಹಲವು ವರ್ಷ ತಿದ್ದಿದವನಾಗಿ ನಾನು ಕಂಡದ್ದೇನೆಂದರೆ, ವ್ಯಾಕರಣದ ತಪ್ಪುಗಳಿಗಿಂತ ‘ಪವಿತ್ರ’ ಎಂಬ ಒಂದು ಪದದ ಅನುವಾದದಲ್ಲಿ ಆಗುವ ತಪ್ಪುಗಳೇ ಹೆಚ್ಚು. ನಮ್ಮ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಆರೇಳು ಪದಗಳಿವೆ. ಅವರ ಒಂದು ಪದಕ್ಕೆ ನಮ್ಮಲ್ಲಿ ಅಷ್ಟೇ ಪದಗಳಿವೆ. ಎರಡೂ ಕಡೆಯ ಗೆರೆಗಳು ಎಲ್ಲಿಯೂ ಸರಿಯಾಗಿ ಒಂದರ ಮೇಲೊಂದು ಕೂರುವುದಿಲ್ಲ. ಆದುದರಿಂದ ಪದಕ್ಕೆ ಪದ ಹುಡುಕುವುದನ್ನು ಬಿಟ್ಟು, ‘ಈ ಪಾವಿತ್ರ್ಯ ಬಂದದ್ದು ಎಲ್ಲಿಂದ?’ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಅದು ಸ್ವತಃ ಇದ್ದದ್ದೋ, ವಿಧಿವಿಧಾನದಿಂದ ಬಂದದ್ದೋ, ಜನರ ಗೌರವದಿಂದ ಬಂದದ್ದೋ ಎಂಬುದು ನಿರ್ಧಾರವಾದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಮೊದಲ ಹೆಜ್ಜೆ: ನಮ್ಮ ಪದಗಳನ್ನೇ ಬೇರ್ಪಡಿಸಿಕೊಳ್ಳುವುದು

ಇಂಗ್ಲಿಷ್ ನಿಘಂಟನ್ನು ತೆರೆಯುವ ಮೊದಲು ಕನ್ನಡದ ಪದಗಳ ನಡುವಿನ ವ್ಯತ್ಯಾಸ ಮನಸ್ಸಿನಲ್ಲಿ ಸ್ಪಷ್ಟವಾಗಬೇಕು. ‘ಪವಿತ್ರ’ ಎಂಬುದು ಶುದ್ಧಗೊಳಿಸು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದದ್ದು. ಮೂಲದಲ್ಲಿ ಅದು ಶುದ್ಧಗೊಳಿಸುವ ಸಾಧನ. ಶ್ರಾದ್ಧಕ್ಕೆ ಕುಳಿತವರು ಬೆರಳಿಗೆ ತೊಡುವ ದರ್ಭೆಯ ಉಂಗುರವನ್ನು ‘ಪವಿತ್ರ’ ಎಂದೇ ಕರೆಯುವುದು ಈ ಕಾರಣಕ್ಕೆ. ‘ಮಡಿ’ ಬೇರೆಯದೇ ಪದ. ಒಗೆದ ಬಟ್ಟೆಗೂ ಅದಕ್ಕೂ ಹತ್ತಿರದ ನಂಟಿದೆ. ‘ಮಡಿವಾಳ’ ಎಂಬ ಪದದಲ್ಲಿ ಆ ನಂಟು ಇಂದಿಗೂ ಉಳಿದಿದೆ. ಮಿಂದು ಒದ್ದೆ ಬಟ್ಟೆಯಲ್ಲಿ ನಿಂತವರು ಮಡಿಯಲ್ಲಿರುತ್ತಾರೆ, ಮುಟ್ಟಿದರೆ ಮಡಿ ಕೆಡುತ್ತದೆ, ಪುನಃ ಮಿಂದರೆ ಮರಳಿ ಬರುತ್ತದೆ. ಇದನ್ನು ‘ಹೋಲಿ’ ಎಂದು ಅನುವಾದಿಸಿದರೆ ಬಾವಿಕಟ್ಟೆಯ ಬಳಿ ಒದ್ದೆ ಪಂಚೆಯಲ್ಲಿ ನಿಂತ ಅಡುಗೆಭಟ್ಟರನ್ನು ಸಂತರ ಸಾಲಿಗೆ ಸೇರಿಸಿದಂತಾಗುತ್ತದೆ. ‘ರಿಚುವಲಿ ಪ್ಯೂರ್’ ಎಂಬುದೇ ಅಲ್ಲಿ ಸರಿ.

‘ಪುಣ್ಯ’ ಎಂಬುದು ಗಳಿಸಿ ಕೂಡಿಟ್ಟುಕೊಳ್ಳುವಂಥದ್ದು; ಇಂಗ್ಲಿಷಿನಲ್ಲಿ ‘ಮೆರಿಟ್’ ಅದಕ್ಕೆ ಹತ್ತಿರ. ‘ಮಂಗಳ’, ‘ಶುಭ’ ಎಂಬವು ಒಳಿತನ್ನು ಸೂಚಿಸುವ ಪದಗಳು. ಇವುಗಳಿಗೆ ‘ಆಸ್ಪಿಶಸ್’ ಎನ್ನಬೇಕು. ಈ ಇಂಗ್ಲಿಷ್ ಪದದ ಹುಟ್ಟು ಕುತೂಹಲಕರವಾದುದು. ಹಕ್ಕಿ ಎಂಬ ಅರ್ಥದ ಲ್ಯಾಟಿನ್ ‘ಆವಿಸ್’, ನೋಡು ಎಂಬ ಅರ್ಥದ ಇನ್ನೊಂದು ಧಾತು ಸೇರಿ, ಹಕ್ಕಿಗಳ ಹಾರಾಟವನ್ನು ನೋಡಿ ಒಳಿತು ಕೆಡುಕು ಹೇಳುವ ರೋಮಿನ ಶಕುನಗಾರನಿಗೆ ‘ಆಸ್ಪೆಕ್ಸ್’ ಎಂಬ ಹೆಸರು ಬಂತು. ಸಂಸ್ಕೃತದಲ್ಲಿ ‘ಶಕುನ’ ಎಂದರೂ ಹಕ್ಕಿಯೆಂದೇ ಅರ್ಥ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದಗಳು ಒಂದೇ ಹಕ್ಕಿಯ ಬೆನ್ನು ಹತ್ತಿ ಹೊರಟಿವೆ. ಹಾಗಾಗಿ ಶುಭಮುಹೂರ್ತವು ‘ಆಸ್ಪಿಶಸ್’ ಆಗಬಹುದೇ ಹೊರತು ‘ಹೋಲಿ’ ಆಗದು. ಮಂಗಳಾದೇವಿಯ ಹೆಸರನ್ನು ಹೊತ್ತ ಮಂಗಳೂರನ್ನು ಇಂಗ್ಲಿಷಿನಲ್ಲಿ ವಿವರಿಸುವಾಗಲೂ ಈ ವಿವೇಚನೆ ಬೇಕು.

ಈ ಹಂತದಲ್ಲಿ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಬಹಳ ನೆರವಾಗುತ್ತದೆ. ಅದು ಮುದ್ರಣಗೊಂಡದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಇಂಗ್ಲಿಷ್ ಪದವನ್ನು ಹುಡುಕುವ ಬದಲು ನಿಮ್ಮ ಕೈಯಲ್ಲಿರುವ ಕನ್ನಡ ಪದವನ್ನೇ ಅದರಲ್ಲಿ ತೆರೆದು, ಎಷ್ಟು ಬಗೆಯ ಅರ್ಥಗಳನ್ನು ಬಿಡಿಸಿಟ್ಟಿದ್ದಾರೆಂದು ನೋಡುವುದು ಒಳ್ಳೆಯ ಅಭ್ಯಾಸ.

ಎರಡನೆಯ ಹೆಜ್ಜೆ: ‘ಹೋಲಿ’ ಮತ್ತು ‘ಸೇಕ್ರೆಡ್’ ಪದಗಳ ಗಡಿ ಗುರುತಿಸುವುದು

‘ಹೋಲಿ’ ಇಂಗ್ಲಿಷಿನ ಮನೆಮಗಳು. ಹಳೆಯ ಇಂಗ್ಲಿಷಿನ ‘ಹಾಲಿಗ್’ ಎಂಬ ರೂಪದಿಂದ ಅದು ಬಂದಿದೆ, ಅದರ ಬೇರು ‘ಹಾಲ್’, ಅಂದರೆ ಇಡಿಯಾದ, ಊನವಿಲ್ಲದ, ಆರೋಗ್ಯವಾದ ಎಂದು. ‘ಹೋಲ್’, ‘ಹೀಲ್’, ‘ಹೆಲ್ತ್’ ಎಂಬ ಪದಗಳು ಅದೇ ಮನೆಯವು. ಈ ದೃಷ್ಟಿಯಲ್ಲಿ ಪಾವಿತ್ರ್ಯವೆಂದರೆ ಕುಂದಿಲ್ಲದ ಪೂರ್ಣತೆ. ‘ಸೇಕ್ರೆಡ್’ ಹೊರಗಿನಿಂದ ಬಂದ ಸೊಸೆ. ಲ್ಯಾಟಿನ್ನಿನ ‘ಸಾಕೆರ್’ ಅದರ ತವರು. ದೇವರಿಗೆಂದು ಮೀಸಲಿಟ್ಟದ್ದು, ಲೋಕದ ಬಳಕೆಯಿಂದ ಬೇರ್ಪಡಿಸಿದ್ದು ಎಂಬುದು ಅದರ ಅರ್ಥ. ಬೇರ್ಪಡಿಸಿದ್ದು ಪೂಜ್ಯವೂ ಆಗಬಹುದು, ಶಾಪಗ್ರಸ್ತವೂ ಆಗಬಹುದು ಎಂಬ ಕಾರಣಕ್ಕೆ ರೋಮನ್ನರಲ್ಲಿ ‘ಸಾಕೆರ್’ ಎಂಬ ಪದಕ್ಕೆ ಈ ಎರಡು ಅರ್ಥಗಳೂ ಇದ್ದವು. ವ್ಯಾಕರಣದ ರೀತಿಯಲ್ಲಿಯೂ ‘ಸೇಕ್ರೆಡ್’ ಎಂಬುದು ಕರ್ಮಣಿ ರೂಪವಾಗಿದ್ದು, ಈಗ ಬಳಕೆ ತಪ್ಪಿರುವ ‘ಸೇಕರ್’ ಎಂಬ ಕ್ರಿಯಾಪದದಿಂದ ಹುಟ್ಟಿದೆ. ಎಂದರೆ ಯಾರೋ ಅದನ್ನು ಪವಿತ್ರವನ್ನಾಗಿ ಮಾಡಿರಬೇಕು.

ಬಳಕೆಯ ಸೂತ್ರವನ್ನು ಇದರಿಂದಲೇ ಪಡೆಯಬಹುದು. ದೇವರಿಗೆ ‘ಹೋಲಿ’ ಎನ್ನುತ್ತಾರೆ, ‘ಸೇಕ್ರೆಡ್’ ಎನ್ನುವುದಿಲ್ಲ. ಏಕೆಂದರೆ ದೇವರನ್ನು ಯಾರೂ ಮೀಸಲಿಟ್ಟಿಲ್ಲ. ಮನುಷ್ಯರಿಗೂ ಅಷ್ಟೆ, ‘ಹೋಲಿ ಮ್ಯಾನ್’ ಸರಿ, ‘ಸೇಕ್ರೆಡ್ ಮ್ಯಾನ್’ ಕಿವಿಗೆ ಒಗ್ಗದು. ಜನಿವಾರಕ್ಕೆ ‘ಸೇಕ್ರೆಡ್ ಥ್ರೆಡ್’ ಎಂಬುದೇ ರೂಢಿ, ಅದು ವಿಧಿಯಿಂದ ಪವಿತ್ರವಾದ ನೂಲು. ನಾಗಬನ ‘ಸೇಕ್ರೆಡ್ ಗ್ರೋವ್’. ಕತ್ತಿ ತಾಗಿಸದೆ, ತರಗೆಲೆಯನ್ನೂ ಹೊರಗೊಯ್ಯದೆ, ಮಾನವ ಬಳಕೆಯಿಂದ ಬೇರ್ಪಡಿಸಿದ ಜಾಗಕ್ಕೆ ಇದಕ್ಕಿಂತ ಒಪ್ಪುವ ಇಂಗ್ಲಿಷ್ ಪದವಿಲ್ಲ. ನದಿಗೆ ಎರಡೂ ಸಲ್ಲುತ್ತವೆ. ಕರ್ತವ್ಯ, ವಚನ, ನೆನಪು ಮೊದಲಾದ ಲೌಕಿಕ ಸಂಗತಿಗಳ ಗೌರವ ಹೇಳಬೇಕಾದಾಗ ‘ಸೇಕ್ರೆಡ್’ ಮಾತ್ರ ಬರುತ್ತದೆ. ಅಪವಾದಗಳಿಲ್ಲವೆಂದಲ್ಲ: ಯೇಸುವಿನ ಪವಿತ್ರ ಹೃದಯಕ್ಕೆ ಕಥೋಲಿಕರು ‘ಸೇಕ್ರೆಡ್ ಹಾರ್ಟ್’ ಎನ್ನುತ್ತಾರೆ. ರೂಢಿಯಾಗಿ ನಿಂತ ಹೆಸರುಗಳನ್ನು ಸೂತ್ರಕ್ಕಾಗಿ ಬದಲಿಸಬಾರದು. ಇದು ಕನ್ನಡದ ಕಡೆಗೂ ಅನ್ವಯಿಸುತ್ತದೆ. ಕ್ರೈಸ್ತರಲ್ಲಿ ಕೆಲವರು ‘ಪವಿತ್ರಾತ್ಮ’ ಎಂದರೆ ಕೆಲವರು ‘ಪರಿಶುದ್ಧಾತ್ಮ’ ಎನ್ನುತ್ತಾರೆ. ಯಾವ ಸಭೆಯ ಕರಡೋ ಆ ಸಭೆಯ ಪದವನ್ನೇ ಉಳಿಸಿಕೊಳ್ಳಬೇಕು.

ಬರವಣಿಗೆಯಲ್ಲಿ ಒಂದು ಎಚ್ಚರ. ‘ಹೋಲಿ’ ಎಂಬುದರ ಕೊನೆಯ ಅಕ್ಷರ ವೈ. ಅಲ್ಲಿ ಐ ಬರೆದರೆ ಬಣ್ಣದ ಹೋಳಿ ಹಬ್ಬವಾಗುತ್ತದೆ. ಎಲ್ ಅಕ್ಷರವನ್ನು ಎರಡು ಮಾಡಿದರೆ ಕ್ರಿಸ್ಮಸ್ ಅಲಂಕಾರಕ್ಕೆ ಬಳಸುವ ಮುಳ್ಳೆಲೆಯ ಗಿಡವಾಗುತ್ತದೆ. ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಈ ಮೂರನ್ನೂ ಸರಿಯೆಂದು ಬಿಟ್ಟುಬಿಡುತ್ತದೆ.

ಮೂರನೆಯ ಹೆಜ್ಜೆ: ಪವಿತ್ರಗೊಳಿಸುವ ಕ್ರಿಯೆಯನ್ನು ಹೆಸರಿಸುವುದು

‘ಕಾನ್ಸಿಕ್ರೇಟ್’ ಎಂದರೆ ವಿಧಿಪೂರ್ವಕವಾಗಿ ದೇವರಿಗೆ ಮೀಸಲಿಡುವುದು; ಅದರ ಒಡಲಲ್ಲಿ ‘ಸಾಕೆರ್’ ಇದೆ. ಪ್ರತಿಷ್ಠೆಗೆ ಇದೇ ಪದ. ನಮ್ಮ ಕಡೆಯ ಬ್ರಹ್ಮಕಲಶೋತ್ಸವಕ್ಕೆ ‘ರೀಕಾನ್ಸಿಕ್ರೇಶನ್’ ಎಂದು ವಿವರಣೆ ಕೊಡಬಹುದು, ಆದರೆ ಮೂಲ ಹೆಸರನ್ನು ಮೊದಲು ಹಾಗೆಯೇ ಬರೆದು ವಿವರಣೆಯನ್ನು ಹಿಂದೆ ಜೋಡಿಸುವುದು ಲೇಸು. ‘ಇನಾಗುರೇಶನ್’ ಎಂದು ಬರೆದದ್ದನ್ನು ನಾನು ಹಲವು ಬಾರಿ ಹೊಡೆದು ಹಾಕಿದ್ದೇನೆ. ಸಭಾಭವನಕ್ಕೆ ಅದು ಸರಿ, ಗರ್ಭಗುಡಿಗೆ ಅಲ್ಲ.

‘ಸ್ಯಾಂಕ್ಟಿಫೈ’ ಮತ್ತು ‘ಹ್ಯಾಲೋ’ ಎಂಬವು ಪವಿತ್ರಗೊಳಿಸು ಎಂಬ ಅರ್ಥದವೇ. ಮೊದಲನೆಯದು ಲ್ಯಾಟಿನ್, ಎರಡನೆಯದು ‘ಹೋಲಿ’ಯ ಒಡಹುಟ್ಟು. ‘ಹ್ಯಾಲೋ’ ಈಗ ಪ್ರಾರ್ಥನೆಗಳಲ್ಲಿಯೂ ಗಂಭೀರ ಭಾಷಣಗಳಲ್ಲಿಯೂ ಮಾತ್ರ ಉಳಿದಿರುವುದರಿಂದ ಆಮಂತ್ರಣದಲ್ಲಿ ಬಳಸಬೇಕಾಗಿಲ್ಲ. ‘ಬ್ಲೆಸ್’ ಎಂದರೆ ಹರಸು, ಆಶೀರ್ವದಿಸು. ಅದರ ಹಳೆಯ ರೂಪವನ್ನು ಭಾಷಾಚರಿತ್ರೆ ಬಲ್ಲವರು ರಕ್ತ ಎಂಬ ಅರ್ಥದ ಪದದೊಂದಿಗೆ ಜೋಡಿಸುತ್ತಾರೆ, ಬಲಿಯ ರಕ್ತವನ್ನು ಪ್ರೋಕ್ಷಿಸಿ ಪವಿತ್ರಗೊಳಿಸುತ್ತಿದ್ದ ಕಾಲದ ಗುರುತೆಂದು. ‘ಸ್ಯಾಕ್ರಿಫೈಸ್’ ಎಂಬುದಕ್ಕೆ ಪವಿತ್ರವನ್ನಾಗಿ ಮಾಡು ಎಂಬುದೇ ಅಕ್ಷರಾರ್ಥ. ತ್ಯಾಗವೆಂಬ ಅರ್ಥ ಅನಂತರ ಬೆಳೆದದ್ದು. ‘ವರ್ಶಿಪ್’ ಎಂಬುದರ ಮೂಲದಲ್ಲಿರುವುದು ‘ವರ್ತ್’, ಯೋಗ್ಯತೆ. ಯೋಗ್ಯರಿಗೆ ಸಲ್ಲುವ ಗೌರವ ಎಂಬಲ್ಲಿಂದ ಪೂಜೆಯವರೆಗೆ ಅದು ನಡೆದು ಬಂದಿದೆ.

ನಾಲ್ಕನೆಯ ಹೆಜ್ಜೆ: ಸ್ಥಳದ ಹೆಸರು

ಗರ್ಭಗುಡಿಗೆ ‘ಸ್ಯಾಂಕ್ಟಮ್ ಸ್ಯಾಂಕ್ಟೋರಮ್’ ಎಂದು ಬರೆಯುವುದು ನಮ್ಮವರಿಗೆ ಅತಿ ಪ್ರಿಯ. ಅದರ ಅರ್ಥ ‘ಪವಿತ್ರಗಳಲ್ಲಿ ಪವಿತ್ರ’. ಮೂಲದಲ್ಲಿ ಅದು ಜೆರುಸಲೇಮಿನ ದೇವಾಲಯದ ಒಳಕೋಣೆಯ ಹೆಸರು. ಮಹಾಯಾಜಕನೊಬ್ಬನೇ ಅಲ್ಲಿಗೆ ಹೋಗಬಹುದಿತ್ತು, ಅದೂ ವರ್ಷಕ್ಕೆ ಒಂದು ದಿನ. ದಿನಕ್ಕೆ ಹಲವು ಬಾರಿ ಪೂಜೆ ನಡೆಯುವ ನಮ್ಮ ಗರ್ಭಗುಡಿಗೆ ‘ಸ್ಯಾಂಕ್ಟಮ್’ ಎಂಬಷ್ಟೇ ಸಾಕು. ಉಡುಪಿಯ ಶ್ರೀಕೃಷ್ಣನನ್ನು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ ನೋಡುವ ಕ್ರಮವನ್ನು ವಿವರಿಸುವಾಗ ಇಷ್ಟು ಭಾರದ ಪದ ಇದ್ದರೆ ವಾಕ್ಯ ಮುಗ್ಗರಿಸುತ್ತದೆ. ‘ಸ್ಯಾಂಕ್ಚುಯರಿ’ ಎಂಬುದೂ ಅದೇ ಕುಲದ್ದು. ಚರ್ಚಿನಲ್ಲಿ ಅದು ಬಲಿಪೀಠದ ಆವರಣ, ಕಾಡಿನಲ್ಲಿ ವನ್ಯಧಾಮ. ಪವಿತ್ರ ಸ್ಥಳದೊಳಗೆ ಓಡಿ ಬಂದವನನ್ನು ಹಿಡಿಯಬಾರದೆಂಬ ಹಿಂದಿನ ಕಟ್ಟಳೆಯೇ ಪ್ರಾಣಿಪಕ್ಷಿಗಳ ಆಶ್ರಯಕ್ಕೂ ವಿಸ್ತರಿಸಿತು.

‘ಟೆಂಪಲ್’ ಎಂಬುದು ಶಕುನ ನೋಡಲು ಗುರುತು ಹಾಕಿದ ಜಾಗವೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ದೇವಸ್ಥಾನಕ್ಕೆ ಅದನ್ನು ನಿಶ್ಚಿಂತೆಯಿಂದ ಬಳಸಬಹುದು. ‘ಶ್ರೈನ್’ ಎಂದರೆ ಮೊದಲು ಪೆಟ್ಟಿಗೆ, ಅನಂತರ ಸಂತರ ಅವಶೇಷ ಇಟ್ಟ ಪೆಟ್ಟಿಗೆ, ಅನಂತರ ಅದು ಇರುವ ಸ್ಥಳ. ಸಮಾಧಿಯ ಸುತ್ತ ಬೆಳೆದ ಉಳ್ಳಾಲದಂತಹ ದರ್ಗಾಕ್ಕೆ ಈ ಪದ ಚೆನ್ನಾಗಿ ಹೊಂದುತ್ತದೆ. ಬಸದಿಯನ್ನು ಬಸದಿಯೆಂದೇ ಬರೆಯಿರಿ.

ಕ್ರೈಸ್ತ ಆಲಯಗಳ ಹೆಸರುಗಳಲ್ಲಿ ಗೊಂದಲ ಹೆಚ್ಚು. ‘ಕೆಥೆಡ್ರಲ್’ ಎಂದರೆ ದೊಡ್ಡ ಚರ್ಚು ಎಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದು ಬಿಷಪರ ಪೀಠವಿರುವ ಚರ್ಚು. ‘ಕಥೆದ್ರಾ’ ಎಂದರೆ ಪೀಠ. ಮಂಗಳೂರಿನಲ್ಲಿ 1568ರಷ್ಟು ಹಿಂದಿನ ಚರಿತ್ರೆಯುಳ್ಳ ರೊಸಾರಿಯೋ ಚರ್ಚು ಕೆಥೆಡ್ರಲ್. ಹಂಪನಕಟ್ಟೆಯಲ್ಲಿ 1680ರಲ್ಲಿ ಸ್ಥಾಪನೆಯಾದ ಮಿಲಾಗ್ರಿಸ್ ಎಷ್ಟೇ ಭವ್ಯವಾಗಿದ್ದರೂ ಚರ್ಚು. ಅದೇ ಹೆಸರಿನ ಕಲ್ಯಾಣಪುರದ ಮಿಲಾಗ್ರಿಸ್ ಮಾತ್ರ 2012ರಲ್ಲಿ ಉಡುಪಿ ಧರ್ಮಪ್ರಾಂತ ರಚನೆಯಾದಾಗ ಕೆಥೆಡ್ರಲ್ ಆಯಿತು. ಗೋಡೆಗಳು ಅವೇ, ಪೀಠ ಬಂತು, ಹೆಸರು ಬದಲಾಯಿತು. ‘ಬೆಸಿಲಿಕಾ’ ಎಂಬುದು ಪೋಪರು ಕೊಡುವ ಗೌರವದ ಪದವಿ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಚರ್ಚಿಗೆ ಅದು 2016ರಲ್ಲಿ ದೊರೆಯಿತು. ‘ಚಾಪೆಲ್’ ಎಂದರೆ ಕಿರು ಪ್ರಾರ್ಥನಾಲಯ. ಸಂತ ಮಾರ್ಟಿನರ ಮೇಲಂಗಿಯನ್ನು ಇಟ್ಟಿದ್ದ ಸ್ಥಳದಿಂದ ಆ ಹೆಸರು ಹುಟ್ಟಿತು. ಇಟಲಿಯ ಚಿತ್ರಕಾರ ಮೊಸ್ಕೇನಿಯ ಚಿತ್ರಗಳಿಂದ ತುಂಬಿದ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲನ್ನು ಕಂಡವರು ‘ಕಿರು’ ಎಂಬ ಮಾತಿಗೆ ನಕ್ಕಾರು, ಆದರೆ ವರ್ಗೀಕರಣ ಹಾಗೆಯೇ.

ಇನ್ನು ದೈವಸ್ಥಾನ. 19ನೆಯ ಶತಮಾನದ ಪಾಶ್ಚಾತ್ಯ ಬರಹಗಾರರು ತುಳುನಾಡಿನ ಭೂತಾರಾಧನೆಗೆ ‘ಡೆವಿಲ್ ವರ್ಶಿಪ್’ ಎಂಬ ಹೆಸರಿಟ್ಟರು. ಆ ಶಬ್ದ ಇನ್ನೂ ಅಲ್ಲಲ್ಲಿ ನಕಲಾಗುತ್ತಿದೆ. ಭೂತ ಎಂಬ ಪದ ಇಲ್ಲಿ ಪಿಶಾಚಿಯನ್ನು ಸೂಚಿಸುವುದಿಲ್ಲ; ಊರನ್ನು ಕಾಯುವ, ನ್ಯಾಯ ಹೇಳುವ, ಕಾರಣಿಕ ತೋರುವ ಶಕ್ತಿ ಅದು. ‘ಗಾಡ್’ ಎಂದರೂ ಸರಿಹೋಗದು, ದೇವರು ಬೇರೆ ದೈವ ಬೇರೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ದೈವ ಎಂದೇ ಬರೆದು, ಮೊದಲ ಬಾರಿ ಮಾತ್ರ ‘ಗಾರ್ಡಿಯನ್ ಸ್ಪಿರಿಟ್’ ಅಥವಾ ‘ಡೀಟಿ’ ಎಂಬ ಹೊಂದಾಣಿಕೆಯ ವಿವರಣೆಯನ್ನು ಸೇರಿಸುವುದು ನನ್ನ ಕ್ರಮ.

ಐದನೆಯ ಹೆಜ್ಜೆ: ವ್ಯಕ್ತಿಗಳ ಬಿರುದು

‘ಸೇಂಟ್’ ಮತ್ತು ನಮ್ಮ ‘ಸಂತ’ ಅಕ್ಕಪಕ್ಕ ನಿಂತರೆ ಅವಳಿಗಳಂತೆ ಕಾಣುತ್ತವೆ, ಆದರೆ ರಕ್ತಸಂಬಂಧವಿಲ್ಲ. ‘ಸೇಂಟ್’ ಲ್ಯಾಟಿನ್ನಿನ ‘ಸಾಂಕ್ಟುಸ್’ ಎಂಬುದರಿಂದಲೂ, ‘ಸಂತ’ ಸಂಸ್ಕೃತದ ‘ಸತ್’ ಎಂಬುದರಿಂದಲೂ ಬಂದಿವೆ. ಅರ್ಥದಲ್ಲಿಯೂ ವ್ಯತ್ಯಾಸವಿದೆ. ಕನಕದಾಸರನ್ನು ಸಂತರೆನ್ನಲು ಯಾರ ಪ್ರಮಾಣಪತ್ರವೂ ಬೇಕಿಲ್ಲ. ಕಥೋಲಿಕ ಸಭೆಯಲ್ಲಿ ಸಂತಪದವಿಗೆ ದೀರ್ಘ ವಿಚಾರಣೆಯಿದೆ, ದೇವರ ಸೇವಕ, ವಂದನೀಯ, ಧನ್ಯ, ಸಂತ ಎಂಬ ಮೆಟ್ಟಿಲುಗಳಿವೆ. ಮೂರನೆಯ ಮೆಟ್ಟಿಲಲ್ಲಿರುವವರನ್ನು ‘ಸೇಂಟ್’ ಎಂದು ಅಚ್ಚು ಹಾಕುವುದು ದೋಷವಾಗುತ್ತದೆ.

‘ರೆವರೆಂಡ್’ ಎಂಬುದಕ್ಕೆ ‘ವಂದನೀಯ’ ಎಂದು ಅನುವಾದಿಸಿದವರು ಯಾರೋ, ಅವರಿಗೆ ನಾನು ತಲೆಬಾಗುತ್ತೇನೆ. ಲ್ಯಾಟಿನ್ ಪದದ ರಚನೆ ‘ಗೌರವಿಸತಕ್ಕ’ ಎಂದು. ಸಂಸ್ಕೃತದ ‘ಅನೀಯ’ ಪ್ರತ್ಯಯದ ಅರ್ಥವೂ ಅದೇ. ಪದಕ್ಕೆ ಪದ ಮಾತ್ರವಲ್ಲ, ಪ್ರತ್ಯಯಕ್ಕೆ ಪ್ರತ್ಯಯವೂ ಸರಿಹೊಂದಿದೆ. ಮಠಾಧೀಶರಿಗೂ ಪೋಪರಿಗೂ ‘ಹಿಸ್ ಹೋಲಿನೆಸ್’ ಎಂಬುದು ಸಲ್ಲುತ್ತದೆ. ಅದರೊಂದಿಗೆ ‘ಮೋಸ್ಟ್ ರೆವರೆಂಡ್’ ಎಂಬುದನ್ನೂ ಪೋಣಿಸಿ ಗೌರವವನ್ನು ಇಮ್ಮಡಿಗೊಳಿಸುವ ಅಗತ್ಯವಿಲ್ಲ.

ಆರನೆಯ ಹೆಜ್ಜೆ: ದಿನಗಳು

ಇಲ್ಲಿ ನಿಧಾನವಾಗಿ ಸಾಗಬೇಕು. ‘ಹಾಲಿಡೇ’ ಎಂಬುದು ‘ಹೋಲಿ’ ಮತ್ತು ‘ಡೇ’ ಸೇರಿ ಆದದ್ದು, ಹಳೆಯ ಇಂಗ್ಲಿಷಿನಲ್ಲಿಯೇ ಇದ್ದ ಸಮಾಸ. ಪುಣ್ಯದಿನದಂದು ದುಡಿಮೆ ನಿಲ್ಲುತ್ತಿದ್ದುದರಿಂದ ದುಡಿಮೆ ನಿಂತ ದಿನಕ್ಕೆಲ್ಲ ಅದೇ ಹೆಸರಾಯಿತು. ಕಾಲಕ್ರಮದಲ್ಲಿ ಎರಡೂ ಅರ್ಥಗಳು ಬೇರೆಯಾಗಿ, ಒಂದೇ ಪದವಾಗಿ ಬರೆದರೆ ರಜೆ, ಬಿಡಿಸಿ ಎರಡು ಪದವಾಗಿ ಬರೆದರೆ ಪುಣ್ಯದಿನ ಎಂಬ ಕಟ್ಟು ಏರ್ಪಟ್ಟಿತು. ಆಗಸ್ಟ್ 15 ಸ್ವಾತಂತ್ರ್ಯ ದಿನವಾಗಿ ಎಲ್ಲರಿಗೂ ‘ಹಾಲಿಡೇ’. ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವಾಗಿ ಕಥೋಲಿಕರಿಗೆ ‘ಹೋಲಿ ಡೇ’ ಕೂಡ.

ನಮ್ಮ ‘ರಜೆ’ಗೆ ಪಾವಿತ್ರ್ಯದ ಸೋಂಕಿಲ್ಲ. ಅದು ಅರಬ್ಬೀ ಮೂಲದಿಂದ ಬಂದ ಪದ. ಒಪ್ಪಿಗೆ, ಅನುಮತಿ ಎಂದು ಅರ್ಥ. ಇಂಗ್ಲಿಷಿನ ‘ಲೀವ್’ ಎಂಬುದಕ್ಕೂ ಅನುಮತಿಯೆಂಬುದೇ ಮೂಲಾರ್ಥ. ಆದುದರಿಂದ ‘ರಜೆ’ ಹುಟ್ಟಿನಲ್ಲಿ ‘ಲೀವ್’ಗೆ ಹತ್ತಿರ, ಬಳಕೆಯಲ್ಲಿ ‘ಹಾಲಿಡೇ’ಯ ಕೆಲಸವನ್ನೂ ಮಾಡುತ್ತಿದೆ. ಇಂಗ್ಲಿಷಿಗೆ ತಿರುಗಿಸುವಾಗ ಊರಿಗೆಲ್ಲ ಇರುವುದು ‘ಹಾಲಿಡೇ’, ಒಬ್ಬನು ಅರ್ಜಿ ಕೊಟ್ಟು ಪಡೆಯುವುದು ‘ಲೀವ್’ ಎಂದು ಬೇರ್ಪಡಿಸಬೇಕು. ಸರಕಾರದ ಭಾಷೆಯಲ್ಲಿ ‘ಜನರಲ್ ಹಾಲಿಡೇ’ ಸಾರ್ವತ್ರಿಕ ರಜೆ, ‘ರಿಸ್ಟ್ರಿಕ್ಟೆಡ್ ಹಾಲಿಡೇ’ ಪರಿಮಿತ ರಜೆ. ಸೆಪ್ಟೆಂಬರ್ 8ರ ಕನ್ಯಾ ಮರಿಯಮ್ಮ ಜಯಂತಿ ಈ ಎರಡನೆಯ ಪಟ್ಟಿಯಲ್ಲಿ ಬರುತ್ತದೆ.

ಆ ದಿನವೇ ನಮ್ಮ ಮೊಂತಿ ಫೆಸ್ತ್. ‘ಫೀಸ್ಟ್’ ಎಂಬ ಪದ ಎಡವಿಸುವುದು ಇಲ್ಲಿಯೇ. ಶಾಲೆಯಲ್ಲಿ ಕಲಿತ ಅರ್ಥ ಔತಣ. ಚರ್ಚಿನ ಭಾಷೆಯಲ್ಲಿ ಅದು ಹಬ್ಬ. ಲ್ಯಾಟಿನ್ನಿನ ‘ಫೆಸ್ತಾ’ ಎಂಬುದರಿಂದ ಇಂಗ್ಲಿಷಿಗೆ ‘ಫೀಸ್ಟ್’, ‘ಫೆಸ್ಟಿವಲ್’ ಎರಡೂ ಬಂದವು, ಪೋರ್ಚುಗೀಸರ ಮೂಲಕ ಕೊಂಕಣಿಗೆ ‘ಫೆಸ್ತ್’ ಬಂತು. ‘ಆ್ಯನುವಲ್ ಫೀಸ್ಟ್’ ಎಂಬುದನ್ನು ‘ವಾರ್ಷಿಕ ಔತಣಕೂಟ’ ಎಂದು ಕನ್ನಡಿಸಿದ ಕರಡನ್ನು ನಾನೇ ತಿದ್ದಿದ್ದೇನೆ. ‘ವಾರ್ಷಿಕ ಮಹೋತ್ಸವ’ ಎಂಬುದು ನಡೆದುಬಂದ ಪದ. ಹಬ್ಬದ ಹಿಂದಿನ ಒಂಬತ್ತು ದಿನಗಳ ಪ್ರಾರ್ಥನೆಗೆ ‘ನೊವೆನಾ’ ಎನ್ನುತ್ತಾರೆ, ಒಂಬತ್ತು ಎಂಬ ಅರ್ಥದ ಲ್ಯಾಟಿನ್ ಸಂಖ್ಯೆಯಿಂದ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನ ಪ್ರತಿಮೆಗೆ ಎರಚುವುದು ಆ ಒಂಬತ್ತು ದಿನಗಳಲ್ಲಿ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಹರಸಿ, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಮನೆಮಂದಿ ಕುಳಿತು ಉಣ್ಣುವುದು ‘ನೊವೆಂ’. ಇದು ಹೊಸತು ಎಂಬ ಅರ್ಥದ ಕೊಂಕಣಿ ಪದ. ಎರಡನ್ನೂ ಒಂದೆಂದು ತಿಳಿಯುವುದು ಸುಲಭ, ಏಕೆಂದರೆ ಸಂಸ್ಕೃತದ ‘ನವ’ ಎಂಬುದೇ ಒಂಬತ್ತೂ ಹೌದು, ಹೊಸತೂ ಹೌದು.

ಈಗ ‘ಈವ್’. ಇದು ‘ಈವ್ನಿಂಗ್’ ಎಂಬುದರ ಸಂಬಂಧಿ, ಹಬ್ಬದ ಹಿಂದಿನ ಸಂಜೆ, ಅದರಿಂದ ವಿಸ್ತರಿಸಿ ಮುನ್ನಾದಿನ. ಡಿಸೆಂಬರ್ 24 ‘ಕ್ರಿಸ್ಮಸ್ ಈವ್’. ಅಕ್ಟೋಬರ್ 31ರ ‘ಹ್ಯಾಲೋವೀನ್’ ಎಂಬುದರ ಬಾಲದಲ್ಲಿರುವುದೂ ಇದೇ ಪದ. ತಲೆಯಲ್ಲಿರುವ ‘ಹ್ಯಾಲೋ’ ಎಂದರೆ ಸಂತ. ನವೆಂಬರ್ 1ರ ಸಕಲ ಸಂತರ ಹಬ್ಬದ ಮುನ್ನಾದಿನವೆಂಬುದೇ ಅದರ ಅರ್ಥ. ಆದರೆ ನಮ್ಮ ಕಡೆ ‘ಸಂದರ್ಭದಲ್ಲಿ’ ಎಂಬುದಕ್ಕೆಲ್ಲ ‘ಆನ್ ದ ಈವ್ ಆಫ್’ ಎಂದು ಬರೆಯುವ ಚಾಳಿ ಬೇರೂರಿದೆ. ಒಮ್ಮೆ ನಾನೂ ಕಣ್ತಪ್ಪಿದೆ. ಆಮಂತ್ರಣದ ನೆತ್ತಿಯ ಮೇಲೆ ಬ್ರಹ್ಮಕಲಶದ ದಿನಾಂಕವಿತ್ತು. ಕೆಳಗೆ ‘ಈವ್’ ಪದದೊಂದಿಗೆ ಸಂಜೆ 6 ಗಂಟೆಗೆ ಧಾರ್ಮಿಕ ಸಭೆಯೆಂದಿತ್ತು, ಬೇರೆ ದಿನಾಂಕವಿರಲಿಲ್ಲ. ಸಭೆ ಇದ್ದದ್ದು ಬ್ರಹ್ಮಕಲಶದ ದಿನದ ಸಂಜೆಯೇ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ದಂಪತಿ ಇಂಗ್ಲಿಷನ್ನು ಇಂಗ್ಲಿಷಿನಂತೆಯೇ ಓದಿ ಹಿಂದಿನ ದಿನ ಸಂಜೆ ರೇಷ್ಮೆ ಉಟ್ಟು ಬಂದರು. ಚಪ್ಪರದಲ್ಲಿ ಕಂಬಗಳಿಗೆ ಸಿಂಗಾರದ ಹೂ ಕಟ್ಟುತ್ತಿದ್ದ ನಾಲ್ವರು ಹುಡುಗರನ್ನು ಬಿಟ್ಟರೆ ಯಾರೂ ಇರಲಿಲ್ಲ. ಸಭೆಯಲ್ಲಿ ಅವರ ತಂದೆಗೆ ಸನ್ಮಾನವಿತ್ತು. ಮರುದಿನ ಮಧ್ಯಾಹ್ನದ ರೈಲಿಗೆ ಅವರ ಟಿಕೆಟೂ ಆಗಿತ್ತು. ಅಂದಿನಿಂದ ಯಾವ ಕರಡು ಬಂದರೂ ನಾನು ಮೊದಲು ಹುಡುಕುವುದು ಈ ಪದವನ್ನೇ. ಸಂದರ್ಭಕ್ಕೆ ‘ಆನ್ ದ ಅಕೇಶನ್ ಆಫ್’ ಎಂದು ಬರೆಯಿರಿ.

‘ವಿಜಿಲ್’ ಎಂದರೆ ಎಚ್ಚರವಿರುವುದು, ಜಾಗರಣೆ. ಶಿವರಾತ್ರಿಯ ಜಾಗರಣೆಗೂ ಈಸ್ಟರ್ ಹಿಂದಿನ ರಾತ್ರಿಯ ಪ್ರಾರ್ಥನೆಗೂ ಒಂದೇ ಪದ ಸಲ್ಲುತ್ತದೆ. ‘ಫಾಸ್ಟ್’ ಎಂಬುದು ಬಿಗಿಹಿಡಿ ಎಂಬ ಮೂಲದ್ದು. ಬಿಗಿದು ಕಟ್ಟು ಎಂಬ ಅರ್ಥದ ‘ಫಾಸನ್’ ಅದರ ನೆಂಟ. ಅವರ ಉಪವಾಸದಲ್ಲಿ ಮುಖ್ಯವಾದದ್ದು ನಿಯಮದ ಬಿಗಿ. ನಮ್ಮ ‘ಉಪವಾಸ’ ಎಂದರೆ ಬಳಿಯಲ್ಲಿ ವಾಸಿಸುವುದು. ಏಕಾದಶಿಯಂದು ನೀರನ್ನೂ ಬಿಟ್ಟು ಕುಳಿತ ಮಾಧ್ವ ಹಿರಿಯರಲ್ಲಿ ಎರಡೂ ಅರ್ಥಗಳು ಸೇರಿರುತ್ತವೆ. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳು ರಂಜಾನಿನ ಉಪವಾಸವನ್ನು ‘ನೋಂಬು’ ಎನ್ನುತ್ತಾರೆ, ಹಳಗನ್ನಡದ ‘ನೋಂಪಿ’ ಅದರ ಒಡಹುಟ್ಟು. ಇಂಗ್ಲಿಷಿಗೆ ಬಂದಾಗ ಇವೆಲ್ಲವೂ ‘ಫಾಸ್ಟ್’ ಆಗುವುದು ಅನಿವಾರ್ಯ.

‘ಲೆಂಟ್’ ಎಂಬ ಪದಕ್ಕೆ ಮೂಲದಲ್ಲಿ ವಸಂತವೆಂದು ಅರ್ಥ, ಹಗಲು ಉದ್ದವಾಗುವ ಕಾಲ. ಕನ್ನಡದ ಕ್ರೈಸ್ತರು ಅದನ್ನು ತಪಸ್ಸುಕಾಲವೆಂದೂ, ಮಂಗಳೂರಿನ ಕೊಂಕಣಿಗರು ನಲವತ್ತನ್ನು ಸೂಚಿಸುವ ಪೋರ್ಚುಗೀಸ್ ಪದದಿಂದ ‘ಕರೆಜ್ಮ್’ ಎಂದೂ ಕರೆಯುತ್ತಾರೆ. ವಿಭೂತಿ ಬುಧವಾರದಿಂದ ಈಸ್ಟರ್ ತನಕ ಎಣಿಸಿದರೆ 46 ದಿನಗಳಾಗುತ್ತವೆ. 6 ಭಾನುವಾರಗಳನ್ನು ಕಳೆದರೆ 40. ‘ಆ್ಯಶ್ ವೆನ್ಸ್‌ಡೇ’ ಎಂಬುದಕ್ಕೆ ‘ವಿಭೂತಿ’ಯನ್ನು ಆರಿಸಿಕೊಂಡವರ ಕಿವಿ ಬಹಳ ಸೂಕ್ಷ್ಮವಾದದ್ದು. ಆದರೆ ‘ಗುಡ್ ಫ್ರೈಡೇ’ಗೆ ‘ಶುಭ ಶುಕ್ರವಾರ’ ಎಂದದ್ದು ಅಷ್ಟು ಒಳ್ಳೆಯದನ್ನು ಮಾಡಲಿಲ್ಲ. ಅಲ್ಲಿ ‘ಗುಡ್’ ಎಂಬುದಕ್ಕೆ ಪವಿತ್ರ ಎಂಬ ಹಳೆಯ ಅರ್ಥ. ಅದು ಯೇಸುವಿನ ಮರಣವನ್ನು ನೆನೆಯುವ ದುಃಖದ ದಿನ. ‘ಶುಭ’ವನ್ನು ನೋಡಿ ಶುಭಾಶಯ ಕಳುಹಿಸುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ, ದಯವಿಟ್ಟು ಆ ದಿನ ಶುಭಾಶಯ ಬೇಡ. ಈಸ್ಟರ್ ದಿನಾಂಕ ಬದಲಾಗುತ್ತಿರುವುದೇಕೆಂದು ಕೇಳುವವರಿಗೆ ಪಂಚಾಂಗದ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ: ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಪೌರ್ಣಮಿಯ ಮುಂದಿನ ಭಾನುವಾರ. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಸುತ್ತುತ್ತದೆ. ಈ ಪೌರ್ಣಮಿಯನ್ನು ಚರ್ಚಿನ ಕೋಷ್ಟಕದಿಂದ ಲೆಕ್ಕ ಹಾಕುವುದರಿಂದ ನಮ್ಮ ಪಂಚಾಂಗದ ಹುಣ್ಣಿಮೆಗಿಂತ ಕೆಲವೊಮ್ಮೆ ತುಸು ವ್ಯತ್ಯಾಸ ಬರಬಹುದು.

‘ಸಬ್ಬತ್’ ಹೀಬ್ರೂ ಪದ. ನಿಲ್ಲಿಸು, ವಿರಮಿಸು ಎಂದು ಅರ್ಥ. ಯೆಹೂದ್ಯರಿಗೆ ಅದು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಮುಸ್ಸಂಜೆ ತನಕ. ಇದನ್ನು ಊರಿನವರಿಗೆ ವಿವರಿಸಲು ನಾನು ತುಳುನಾಡಿನ ಕೆಡ್ಡಸ ಹಬ್ಬವನ್ನು ನೆನಪಿಸುತ್ತೇನೆ. ಫೆಬ್ರವರಿಯಲ್ಲಿ ಬರುವ ಆ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆಂಬ ನಂಬಿಕೆಯಿಂದ ಉಳುವುದಿಲ್ಲ, ಅಗೆಯುವುದಿಲ್ಲ. ವಿರಾಮವೇ ಆಚರಣೆಯಾಗುವುದೆಂದರೆ ಏನೆಂಬುದು ಹಾರೆಯನ್ನು ಮೂಲೆಗೆ ಒರಗಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪರ್ಯಾಯದ ಬಗ್ಗೆ ಒಂದು ಮಾತು. ಪರ್ಯಾಯವೆಂದರೆ ಸರದಿ, ಉಡುಪಿಯ ಅಷ್ಟಮಠಗಳಲ್ಲಿ ಒಂದೊಂದಕ್ಕೆ ಎರಡು ವರ್ಷಗಳಂತೆ ಶ್ರೀಕೃಷ್ಣಪೂಜೆಯ ಹೊಣೆ ಬರುವ ಕ್ರಮ. ‘ಕಾರೊನೇಶನ್’ ಎಂದರೆ ಕಿರೀಟಧಾರಣೆ, ಅದು ಇಲ್ಲಿ ಸಲ್ಲದು. ಎರಡು ವರ್ಷಕ್ಕೊಮ್ಮೆ ಎಂಬುದಕ್ಕೆ ‘ಬೈಯೆನಿಯಲ್’ ಎನ್ನಬೇಕು. ‘ಬೈಆ್ಯನುವಲ್’ ಎಂದು ಬರೆದರೆ ವರ್ಷಕ್ಕೆ ಎರಡು ಪರ್ಯಾಯಗಳಾಗುತ್ತವೆ.

ಏಳನೆಯ ಹೆಜ್ಜೆ: ವಿರುದ್ಧ ಪದಗಳು

ಇವು ಆಮಂತ್ರಣಗಳಲ್ಲಿ ಬಾರವು, ಪತ್ರಿಕಾ ವರದಿಗಳಲ್ಲಿ ಬರುತ್ತವೆ. ‘ಪ್ರೊಫೇನ್’ ಎಂಬುದರ ಅಕ್ಷರಾರ್ಥ ದೇವಾಲಯದ ಹೊರಗಿನದು. ಲೌಕಿಕ ಎಂಬುದರಿಂದ ಅಪವಿತ್ರ, ಅಶ್ಲೀಲ ಎಂಬಲ್ಲಿಗೆ ಅದು ಇಳಿದಿದೆ. ‘ಸ್ಯಾಕ್ರಿಲೆಜ್’ ಮೊದಲು ದೇವಾಲಯದ ಕಳವು, ಈಗ ಪವಿತ್ರ ವಸ್ತುವಿಗೆ ಮಾಡಿದ ಅಪಚಾರ. ಅದರ ವಿಶೇಷಣದ ಕಾಗುಣಿತದಲ್ಲಿ ‘ರಿಲಿಜಿಯಸ್’ ಇಲ್ಲವೆಂಬುದನ್ನು ಗಮನಿಸಿ. ‘ಸ್ಯಾಂಕ್ಟಿಮೋನಿಯಸ್’ ನೋಡಲು ಹೊಗಳಿಕೆಯಂತಿದ್ದರೂ ತೋರಿಕೆಯ ಧರ್ಮಿಷ್ಠನನ್ನು ಚುಚ್ಚುವ ಪದ. ಅಧ್ಯಕ್ಷರ ಪರಿಚಯದಲ್ಲಿ ಅದನ್ನು ಬಳಸಿದರೆ ಅಧ್ಯಕ್ಷರಿಗೆ ಇಂಗ್ಲಿಷ್ ಬಾರದಿರಲಿ ಎಂದು ಹಾರೈಸಬೇಕಾದೀತು.

ಕೊನೆಯ ಹೆಜ್ಜೆ: ಒಂದು ವಾಕ್ಯವನ್ನು ತೆಗೆದುಕೊಂಡು ನಡೆಸುವುದು

ಮಾದರಿ ವಾಕ್ಯ ಹೀಗಿದೆಯೆಂದುಕೊಳ್ಳಿ: ‘ಶ್ರೀ ದೇವರ ಪುನಃಪ್ರತಿಷ್ಠೆ ಮತ್ತು ಬ್ರಹ್ಮಕಲಶೋತ್ಸವದ ಪರ್ವಕಾಲದಲ್ಲಿ ಪರಮಪೂಜ್ಯ ಸ್ವಾಮೀಜಿಯವರ ದಿವ್ಯ ಉಪಸ್ಥಿತಿಯಲ್ಲಿ ಜರಗುವ ಧಾರ್ಮಿಕ ಸಭೆಗೆ ಆಗಮಿಸಿ, ಪವಿತ್ರ ಪ್ರಸಾದ ಸ್ವೀಕರಿಸಿ, ಶ್ರೀ ದೇವರ ಕೃಪೆಗೆ ಪಾತ್ರರಾಗಬೇಕಾಗಿ ವಿನಂತಿ.’

ಇದನ್ನು ಎರಡು ವಾಕ್ಯಗಳಾಗಿ ಒಡೆಯಿರಿ. ಪುನಃಪ್ರತಿಷ್ಠೆ ವಿಧಿಯಿಂದ ಬರುವ ಪಾವಿತ್ರ್ಯ, ಆದುದರಿಂದ ‘ರೀಕಾನ್ಸಿಕ್ರೇಶನ್’. ಬ್ರಹ್ಮಕಲಶೋತ್ಸವವನ್ನು ಹಾಗೆಯೇ ಇಡಿ. ‘ಪರ್ವಕಾಲದಲ್ಲಿ’ ಎಂಬಲ್ಲಿ ‘ಈವ್’ ನುಸುಳದಂತೆ ನೋಡಿಕೊಂಡು ‘ಅಕೇಶನ್’ ಬರೆಯಿರಿ. ಪರಮಪೂಜ್ಯರಿಗೆ ‘ಹಿಸ್ ಹೋಲಿನೆಸ್’ ಹಾಕಿದ ಮೇಲೆ ‘ದಿವ್ಯ’ ಎಂಬುದನ್ನು ‘ಡಿವೈನ್’ ಎಂದು ಪುನಃ ಹೇರಬೇಕಾಗಿಲ್ಲ. ಇಂಗ್ಲಿಷಿನಲ್ಲಿ ‘ಪ್ರೆಸೆನ್ಸ್’ ಒಂದೇ ಸಾಕು, ಕನ್ನಡದಲ್ಲಿ ಕಿವಿಗೆ ಹಿತವಾದ ಇಮ್ಮಡಿ ಅಲ್ಲಿ ಹೊರೆಯಾಗುತ್ತದೆ. ‘ಪವಿತ್ರ ಪ್ರಸಾದ’ದಲ್ಲಿ ಪ್ರಸಾದವೆಂಬುದೇ ದೇವರ ಅನುಗ್ರಹದ ವಸ್ತುವಾದುದರಿಂದ ವಿಶೇಷಣ ಬಿಟ್ಟು ಪ್ರಸಾದವೆಂದೇ ಬರೆಯಿರಿ, ‘ಹೋಲಿ ಫುಡ್’ ಎಂದು ಮಾತ್ರ ಬೇಡ. ಕೃಪೆಗೆ ‘ಗ್ರೇಸ್’ ಸರಿಯಾದ ಪದ, ಸ್ವೀಕರಿಸುವುದಕ್ಕೆ ‘ರಿಸೀವ್’. ಧಾರ್ಮಿಕ ಸಭೆಯ ದಿನಾಂಕ, ವಾರ, ಗಂಟೆಗಳನ್ನು ಸಭೆಯ ಹೆಸರಿನ ಕೆಳಗೇ ಪ್ರತ್ಯೇಕವಾಗಿ ಕೂರಿಸಿ, ಕನ್ನಡ ಪುಟದೊಂದಿಗೆ ಒಮ್ಮೆ ತಾಳೆ ನೋಡಿ ಅಚ್ಚಿಗೆ ಕಳುಹಿಸಿ.